ಚರ್ಚಿನ ಕಲ್ಲಿನಿಂದ ಅಳಿಸಿಹೋದ ಇಸವಿ

"ಮೇಡಂ, ನಮ್ಮ ಚರ್ಚು ಕಟ್ಟಿದ ಇಸವೀನೇ ಯಾರೋ ಕೆತ್ತಿ ಹಾಕಿದಾರೆ!"

ಪಾದ್ರಿಗಳು ಬೆಳಿಗ್ಗೆಯೇ ಏದುಸಿರು ಬಿಡುತ್ತ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಿದ್ದರು. ನಮ್ಮ ಅತ್ತಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಪೊಲೀಸರು ಕೈಚೆಲ್ಲಿದ ಪ್ರಕರಣಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಮೈದುನನಾದ ನಾನು ಅವರ ಚೀಲ ಹೊರುವವನು, ಬೈಸಿಕೊಳ್ಳುವವನು.

ಪೇಟೆಯ ನಡುವಿನ ಆ ಚರ್ಚನ್ನು ಪರದೇಶದ ದೊರೆಗಳು ತಮ್ಮ ಸಿಪಾಯಿಗಳಿಗಾಗಿ ಕಟ್ಟಿಸಿದ್ದರು. ದೊರೆಗಳು ಹೋದರು, ಜಾಗದ, ಕಟ್ಟಡದ ದಾಖಲೆಗಳನ್ನೆಲ್ಲ ಗೆದ್ದಲು ತಿಂದಿತು. ಪಕ್ಕದಲ್ಲಿ ಮಳಿಗೆ ಕಟ್ಟಿಸುತ್ತಿದ್ದ ಬಿಲ್ಡರ್‌ಗೆ ಈಗ ಈ ಜಾಗವೂ ಬೇಕಿತ್ತು. ನೂರು ವರ್ಷ ದಾಟಿದ ಕಟ್ಟಡವೆಂದು ಸಾಬೀತಾದರೆ ಮಾತ್ರ ಕೆಡವುವಂತಿರಲಿಲ್ಲ. ಸಾಕ್ಷಿಯಾಗಿ ಉಳಿದಿದ್ದು ಗೋಡೆಯಲ್ಲಿದ್ದ, ಇಸವಿ ಕೆತ್ತಿದ ಅಮೃತಶಿಲೆಯ ಫಲಕವೊಂದೇ. ಪುರಾತತ್ವ ಇಲಾಖೆಯ ಅಧಿಕಾರಿ ಅದನ್ನು ನೋಡಲು ಅಂದೇ ಮಧ್ಯಾಹ್ನ ಬರುವವರಿದ್ದರು.

ಚರ್ಚಿನ ಅಂಗಳದಲ್ಲಿ ಉಳಿ ಸಿಕ್ಕಿತೆಂದು ಬಿಲ್ಡರ್‌ನ ಕಲ್ಲುಕುಟಿಗನನ್ನು ಪೊಲೀಸರು ಎಳೆದೊಯ್ದಿದ್ದರು.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು," ಎಂದರು ಪಾದ್ರಿಗಳು. "ಬಿಲ್ಡರ್ ಕೈವಾಡ ಅಂತ ಗೊತ್ತಾದ್ರೆ ಕೋರ್ಟು ತಡೆಯಾಜ್ಞೆ ಕೊಡುತ್ತೆ."

ಚರ್ಚಿನಲ್ಲಿ ಅತ್ತಿಗೆ ಫಲಕದ ಮೇಲೆ ಬೆರಳಾಡಿಸಿದರು. ಅಕ್ಷರಗಳಿದ್ದ ಜಾಗ ಚೀಪಿದ ಪೆಪ್ಪರ್‌ಮೆಂಟಿನಂತೆ ನುಣುಪಾಗಿತ್ತು. ಕೆಳಗಿನ ಸುಣ್ಣದ ಗೋಡೆಯಲ್ಲಿ ಉದ್ದುದ್ದ ಗೆರೆಗಳು ಕೊರೆದಂತೆ ಬಿದ್ದಿದ್ದವು. ಕರಿಕಲ್ಲಿನ ನೆಲ ಫಳಫಳ ಹೊಳೆಯುತ್ತಿತ್ತು. ಕೆತ್ತಿದ ಪುಡಿ ಒಂದು ಚಿಟಿಕೆಯೂ ಇರಲಿಲ್ಲ.

"ನೆಲ ಎಷ್ಟು ಚೆನ್ನಾಗಿದೆ! ಏನ್ ಹಾಕಿ ತೊಳೀತೀರಕ್ಕಾ?" ಎಂದು ಪಾದ್ರಿಗಳ ಅಕ್ಕನನ್ನು ಕೇಳಿದರು. ಚರ್ಚು ಗುಡಿಸಿ ಒರೆಸುವುದೆಲ್ಲ ಆಕೆಯೇ.

"ಆಸಿಡ್ಡು ಕಣಮ್ಮ. ನಾನು ಬಂದಾಗಿಂದ್ಲೂ ಅದೇ," ಎನ್ನುತ್ತ ಆಕೆ ಬಟ್ಟೆ ಸುತ್ತಿದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಅತ್ತಿಗೆಯ ಮುಖ ಬಾಡಿತು. "ಪುಟ್ಟಾ, ಈ ಕೇಸು ನಮ್ಮ ಮನೆಗೆ ಬರಬಾರ್ದಿತ್ತು ಕಣೋ."

ಮಧ್ಯಾಹ್ನ ಅಧಿಕಾರಿ, ಇನ್ಸ್‌ಪೆಕ್ಟರ್, ಬಿಲ್ಡರ್, ಪಾದ್ರಿ, ಅವರ ಅಕ್ಕ ಎಲ್ಲರೂ ಫಲಕದ ಮುಂದೆ ಸೇರಿದರು.

"ಉಳೀನ ಠಾಣೇಲಿ ನೋಡ್ಬಂದೆ. ಪಕ್ಕದ ಮಳಿಗೆಗೆ ಕಟ್ಟಿರೋ ಸಾರುವೆಯಿಂದ ಬಿದ್ದಿದ್ದು, ಅದಕ್ಕೆ ಅಂಟಿರೋದು ಬರೀ ಸಿಮೆಂಟು. ಅದರಲ್ಲಿ ಕೆತ್ತಿದ್ರೆ ಪುಡಿ ಇರ್ಬೇಕಿತ್ತು, ಅಂಚು ಚೂಪಾಗಿರ್ಬೇಕಿತ್ತು. ಇದು ಕರಗಿದೆ," ಎಂದರು ಅತ್ತಿಗೆ. "ಆಸಿಡ್ ಅಮೃತಶಿಲೇನೂ ತಿನ್ನುತ್ತೆ, ಸುಣ್ಣಾನೂ ತಿನ್ನುತ್ತೆ. ಗೋಡೆ ಮೇಲಿನ ಗೆರೆ ಅದು ಸೋರಿದ್ದು. ಕರಿಕಲ್ಲಿಗೆ ಏನೂ ಮಾಡಲ್ಲ. ವರ್ಷಗಟ್ಲೆ ಈ ನೆಲಕ್ಕೆ ಹಾಕಿದವರಿಗೆ, ಯಾವ ಕಲ್ಲಿಗೂ ಏನೂ ಆಗಲ್ಲ ಅನ್ನೋ ಧೈರ್ಯ ಬಂದಿರುತ್ತೆ. ಬೆರಳು ಸುಟ್ಟಿರೋದೂ ಅದರಿಂದ್ಲೇ. ಅಲ್ವಾ ಅಕ್ಕಾ?"

ಪಾದ್ರಿಗಳ ಅಕ್ಕ ಬಟ್ಟೆ ಸುತ್ತಿದ ಬೆರಳುಗಳನ್ನು ಸೆರಗಿನಿಂದ ಹೊರತೆಗೆದರು. "ಕಪ್ಪು ಹಿಡಿದಿತ್ತಮ್ಮ. ಸಾಹೇಬ್ರು ಓದ್ಬೇಕಲ್ಲ ಅಂತ ರಾತ್ರಿ ಆಸಿಡ್ಡು ಹಾಕಿ ಉಜ್ಜಿದೆ. ನೊರೆ ಬಂದಷ್ಟೂ ಕೊಳೆ ಬಿಡ್ತಿದೆ ಅಂದ್ಕೊಂಡೆ. ಬೆಳಿಗ್ಗೆ ನೋಡಿ ಎದೆ ಒಡೀತು. ನನ್ನ ತಮ್ಮ, ಇದು ಬಿಲ್ಡರ್ ಕೆಲಸ ಅಂದ. ಹಾಗಾದ್ರೂ ಚರ್ಚು ಉಳೀಲಿ ಅಂತ ಬಾಯ್ಮುಚ್ಕೊಂಡೆ."

"ಕಟ್ಟಡ ಹಳೇದೇ, ಕಣ್ಣಿಗೆ ಕಾಣುತ್ತೆ. ಆದ್ರೆ ಇಸವಿ ಇಲ್ದೆ ನನ್ನ ಕೈ ಕಟ್ಟಿಹಾಕಿದಂಗಿದೆ," ಎಂದರು ಅಧಿಕಾರಿ.

ಪಾದ್ರಿಗಳು ಅತ್ತಿಗೆಯತ್ತ ತಿರುಗಿದರು. "ಇದನ್ನ ಹೇಳ್ದೆ ಇರೋಕಾಗ್ತಿರ್ಲಿಲ್ವಾ ಮೇಡಂ?"

"ಒಬ್ಬ ಲಾಕಪ್ಪಲ್ಲಿದಾನಲ್ಲ ಫಾದರ್."

ಅತ್ತಿಗೆಯ ಮಾತು ನ್ಯಾಯವೇ. ಆದರೂ ಜೀವಮಾನದಲ್ಲಿ ಮೊದಲ ಸಲ ಅವರ ಬುದ್ಧಿಯ ಮೇಲೆ ನನಗೆ ಸಿಟ್ಟು ಬಂತು.

ಕಲ್ಲುಕುಟಿಗನನ್ನು ಬಿಟ್ಟರು. ಕೆಲವು ವಾರಗಳ ನಂತರ, ನಾವು ಚರ್ಚಿನಲ್ಲಿದ್ದಾಗಲೇ, ಅವನು ಸುತ್ತಿಗೆ ಹಿಡಿದು ಬಾಗಿಲಿಗೆ ಬಂದು ಅತ್ತಿಗೆಗೆ ಕೈಮುಗಿದ.

"ನಿಮ್ಮ ಉಪಕಾರ ಸಾಯೋವರ್ಗೂ ಮರೆಯಲ್ಲಮ್ಮ. ಆದ್ರೆ ಕೆಡವೋ ಕೆಲಸ ನಂಗೇ ಒಪ್ಸಿದಾರೆ. ಏನ್ ಮಾಡ್ಲಿ, ಹೊಟ್ಟೆಪಾಡು." ಆಮೇಲೆ ಪಾದ್ರಿಗಳಿಗೆ ಮೆಲ್ಲಗೆ ಹೇಳಿದ: "ಮೇಲಿರೋ ಚರ್ಚಿನ ಗಂಟೇನ ಮೊದ್ಲು ಇಳಿಸ್ಕೊಂಡ್ಬಿಡಿ ಫಾದರ್. ನಾನೂ ಕೈ ಕೊಡ್ತೀನಿ."