ಮೂರು ದೊಡ್ಡಿಯ ಮಾಳವ್ವ

ಗವಿಗುಡ್ಡದ ಮಾಂತ್ರಿಕ ಬಂದು ಟಗರು ಕೇಳಿದ. ಕುರಿಗಾಹಿ ಕರಿಸಿದ್ದನ ಹೆಂಡತಿ ಮಾಳವ್ವ ಕೊಡಲಿಲ್ಲ.

“ಹಿಂಡಿಗೆಲ್ಲ ಇರೋದು ಅದೊಂದೇ. ಬೇರೆ ಏನಾದ್ರೂ ಕೇಳು.”

“ಹಾಗಾದ್ರೆ ನೀನೇ ಬಾ” ಎಂದು ಅವನು ಬೂದಿ ಎರಚಿದ. ಮಾಳವ್ವ ಮಾಯವಾದಳು. ಮೂರು ತಿಂಗಳ ಕೂಸು ನೆಲದ ಮೇಲೆ ಉಳಿಯಿತು.

ಕರಿಸಿದ್ದ ಕೂಸನ್ನು ಎತ್ತಿಕೊಂಡು ಗವಿಗೆ ಹೋದ. “ನನ್ನ ಹೆಂಡ್ತೀನ ಕೊಡು. ಆಡಿನ ಹಾಲು ಹಾಕಿದ್ರೆ ಕೂಸು ಕಕ್ಕುತ್ತೆ.”

ಮಾಂತ್ರಿಕ ನಕ್ಕ. “ಕಾಟಿ, ಹುಲ್ಲೆ, ಕುರಿ, ಎಲ್ಲ ಒಂದೇ ಮನೆತನ ಕಣೋ. ಸೀಳು ಗೊರಸು, ಮೆಲುಕು ಹಾಕೋ ಬಾಯಿ, ಒಮ್ಮೆ ಬಂದ್ರೆ ಉದುರದ ಕೊಂಬು. ಒಂದೊಂದು ದೊಡ್ಡೀಲಿ ಒಂದೊಂದು ಮೈ ಕೊಟ್ಟು ಅವಳನ್ನ ನಿಲ್ಲಿಸ್ತೀನಿ. ಮೂರು ಸಲವೂ ಗುರುತು ಹಿಡಿ. ಒಂದು ಸಲ ತಪ್ಪಿದ್ರೂ ಅವಳು ನನ್ನವಳು. ಗೆದ್ರೆ ನನ್ನ ಮಾಟ ನನಗೇ ತಿರುಗಲಿ.”

ಮೊದಲ ದೊಡ್ಡಿಯಲ್ಲಿ ನೂರು ಕಾಟಿಗಳು, ಕಾಡಿನ ಕೋಣಗಳು. ಬಂಡೆಯಂಥ ಮೈ, ಬಿಳಿ ಕಾಲು. ಕರಿಸಿದ್ದ ಬಾಗಿಲಲ್ಲಿ ಕಂಬಳಿ ಹಾಸಿ ಅವನ್ನು ನೀರಿಗೆ ಬಿಟ್ಟ. ತೊಂಬತ್ತೊಂಬತ್ತು ತುಳಿದು ಹೋದವು. ಒಂದು ಬಳಸಿ ಹೋಯಿತು. ಕುರುಬರ ಹೆಣ್ಣು ಕಂಬಳಿ ತುಳಿಯುವುದಿಲ್ಲ.

“ಇವಳೇ” ಎಂದ.

ಎರಡನೆಯದರಲ್ಲಿ ಹುಲ್ಲೆ, ನೀಲಗಾಯಿ, ನಾಲ್ಕು ಕೊಂಬಿನ ಕೊಂಡಕುರಿ. ಕೂಸು ಚೀರಿತು. ಎಲ್ಲ ಬೆದರಿ ಮೂಲೆಗೆ ಹಾರಿದವು. ಒಂದು ಹುಲ್ಲೆಯೂ ಹಾರಿತು, ಅರ್ಧದಲ್ಲಿ ನಿಂತಿತು, ನಡುಗುತ್ತಲೇ ಹಿಂದಕ್ಕೆ ಬಂತು.

“ಇವಳೇ” ಎಂದ.

ಮೂರನೆಯದರಲ್ಲಿ ನೂರು ಕುರಿಗಳು.

“ಕುರಿ ಗುರುತಿಸೋದನ್ನ ನನಗೆ ಹೇಳ್ಕೊಡ್ತೀಯಾ?” ಎಂದು ಕರಿಸಿದ್ದ ಒಳಗೆ ಹೋದ. ಒಂದೊಂದನ್ನೇ ಹಿಡಿದು ನೋಡಿದ. ನೂರಕ್ಕೂ ಒಂದೇ ಮುಖ.

ತಬ್ಬಲಿ ಮರಿಗೆ ಉಪ್ಪು ಸವರಿದರೆ ಕುರಿ ಅದನ್ನು ನೆಕ್ಕಿ ನೆಕ್ಕಿ ತನ್ನದು ಮಾಡಿಕೊಳ್ಳುತ್ತದೆ. ಅವನಿಗೆ ಗೊತ್ತಿದ್ದ ಉಪಾಯ ಅದೇ. ಕೂಸಿಗೆ ಉಪ್ಪು ಸವರಿ ಕೆಳಗಿಟ್ಟ. ತಪ್ಪು ಮಾಡಿದ. ಇಡೀ ದೊಡ್ಡಿಯೇ ನೆಕ್ಕಲು ಮುಗಿಬಿತ್ತು.

“ನೂರು ತಾಯಂದಿರು! ಯಾರು ಬೇಕೋ ಆರಿಸ್ಕೋ ಮಾವ!” ಎಂದು ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ.

ಕರಿಸಿದ್ದ ಮಂಡಿಯೂರಿ ಕೂಸಿಗೆ ಮೈ ಅಡ್ಡ ಕೊಟ್ಟ. ಆಗ ಒಂದು ಕುರಿ ಗುಂಪು ಸೀಳಿಕೊಂಡು ಬಂತು. ಉಪ್ಪು ಮುಟ್ಟಲಿಲ್ಲ. ಹಿಂದಿನಿಂದ ಬಂದು ಕೂಸಿನ ಕುಂಡಿ ಮೂಸಿತು. ಹೆತ್ತ ಕುರಿ ಮರಿಯನ್ನು ಮೊಲೆಗೆ ಬಿಡುವ ಮುಂಚೆ ಮೂಸುವುದು ಅಲ್ಲೇ.

ಕರಿಸಿದ್ದ ಅದರ ಕತ್ತು ತಬ್ಬಿದ. “ಬಾರೇ, ಹೋಗೋಣ.”

“ಮೊದ್ಲು ಕೂಸು ತೊಳಿ” ಎಂದಳು ಕುರಿಯ ಮೈ ಕಳಚಿ ಎದ್ದ ಮಾಳವ್ವ. “ಹಸುಗೂಸಿಗೆ ಯಾರಾದ್ರೂ ಉಪ್ಪು ಹಚ್ತಾರಾ?”

ಮೂರೂ ದೊಡ್ಡಿಗಳಲ್ಲಿ ಅದೇ ಮಾಟಕ್ಕೆ ಸಿಕ್ಕಿದ್ದ ಮನುಷ್ಯರು ಎದ್ದು ನಿಂತು ತಮ್ಮ ಕೈ ತಾವೇ ನೋಡಿಕೊಂಡರು. ಮಾಂತ್ರಿಕ ಕತ್ತೆಯಾಗಿ ಗುಡ್ಡ ಇಳಿದು ಓಡಿದ.

ಮಾಳವ್ವ ಬಂಡೆಯ ನೆರಳಲ್ಲಿ ಕೂತಳು. ಕೂಸು ಹಾಲು ಕುಡಿದು ಮಲಗಿತು.