ಕಡವೆ ನೀರಿಗೆ ಬರುವ ಹೊತ್ತು

"ಕೂತ್ಕಳಿ! ತಲೆ ಎತ್ಬೇಡಿ!"

ಯಾರೋ ಕೈ ಹಿಡಿದು ಎಳೆದ ರಭಸಕ್ಕೆ ಹೇಮಾ ಬಿದಿರುಮೆಳೆಯ ಹಿಂದೆ ಧೊಪ್ಪನೆ ಕುಳಿತುಬಿಟ್ಟಳು.

ಎಂಥ ಧೈರ್ಯ ಇವನಿಗೆ! ಬೈಯಲೆಂದು ಬಾಯಿ ತೆರೆದವಳು ಹಾಗೆಯೇ ಸ್ತಬ್ಧಳಾದಳು.

ಇಪ್ಪತ್ತು ಮಾರು ದೂರದಲ್ಲಿ, ಹಳ್ಳದ ನೀರಿನಲ್ಲಿ ಗಂಡು ಕಡವೆಯೊಂದು ನಿಂತಿತ್ತು. ಕುದುರೆಯಂಥ ಮೈ, ಕೊರಳ ತುಂಬ ಒರಟು ಕೂದಲು, ಕವಲೊಡೆದ ಕೊಂಬು. ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅದು ಕಾಡಿನೊಳಗೆ ಸರಿದು ಹೋದ ಮೇಲೂ ಅವನು ಅವಳ ಕೈ ಬಿಟ್ಟಿರಲಿಲ್ಲ... ಅವಳೂ ಬಿಡಿಸಿಕೊಂಡಿರಲಿಲ್ಲ.

ಅದು ಏಳು ವರ್ಷದ ಹಿಂದಿನ ಮಾತು. ಹೊನ್ನಾವರದ ಹೇಮಾ ಎಂಎಸ್‌ಸಿ ಪ್ರಬಂಧಕ್ಕಾಗಿ ಕಡವೆಗಳನ್ನು ಹುಡುಕಿಕೊಂಡು ಯಾಣದ ಕಾಡಿಗೆ ಬಂದಿದ್ದಳು. ಕೈ ಹಿಡಿದು ಎಳೆದವನು ಸಂತೆಗುಳಿಯ ವಿನೋದ, ಅರಣ್ಯ ಇಲಾಖೆಯ ವಾಚರ್.

ಆಮೇಲಿನ ಬೆಳಗುಗಳೆಲ್ಲ ಎಷ್ಟು ಚೆಂದವಿದ್ದವು! ಗಾಳಿ ಕಡವೆಯ ಕಡೆಯಿಂದ ನಮ್ಮತ್ತ ಬೀಸುವಂತೆ ಕೂರಬೇಕು, ಇಲ್ಲದಿದ್ದರೆ ವಾಸನೆ ಹಿಡಿದು ಓಡುತ್ತದೆ ಎಂದು ಅವನು ಕಲಿಸಿದ. ಅದು ಕೊಂಬು ಉಜ್ಜಿದ ಮರ, ಹೊರಳಾಡಿದ ಕೆಸರು, ಉಪ್ಪುಮಣ್ಣು ನೆಕ್ಕಿದ ದರೆ ಎಲ್ಲ ತೋರಿಸಿದ. ಅವನ ಅವ್ವಿ ಸುಬ್ಬಿ ಬೇಯಿಸಿಕೊಟ್ಟ ಗೆಣಸನ್ನು ಇಬ್ಬರೂ ಬಂಡೆಯ ಮೇಲೆ ಕುಳಿತು ತಿನ್ನುತ್ತಿದ್ದರು. ಪ್ರೀತಿಯ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

"ಈ ಜಾಗ ಯಾರಿಗೂ ಹೇಳ್ಬೇಡಿ" ಎಂದಷ್ಟೇ ಅವನು ಕೇಳಿಕೊಂಡಿದ್ದ.

ಹೇಮಾ ಹೇಳಿಯೇಬಿಟ್ಟಳು. ಸಂಭ್ರಮ ತಡೆಯಲಾರದೆ ಗೆಳತಿ ಅರ್ಚಿತಾಗೆ ಫೋಟೋ ಕಳಿಸಿ, ಜಾಗದ ಹೆಸರನ್ನೂ ಬರೆದಳು. ಅರ್ಚಿತಾ ಅವನ್ನು ಫೇಸ್‌ಬುಕ್ಕಿಗೆ ಹಾಕಿದಳು, ಹೇಮಾಳ ಹೆಸರಿನ ಸಮೇತ!

ಎರಡೇ ವಾರದಲ್ಲಿ ಹಳ್ಳದ ದಂಡೆಗೆ ಜೀಪುಗಳು, ಪಾರ್ಟಿ ಮಾಡುವವರು, ಹಾಡುಗಳ ಅಬ್ಬರ... ಕಂಗೆಟ್ಟು ಓಡಿದ ಗಂಡು ಕಡವೆ ಕತಗಾಲದ ಹತ್ತಿರ ಲಾರಿಗೆ ಸಿಕ್ಕಿ ಸತ್ತಿತು.

ಸುದ್ದಿ ಕೇಳಿ ಓಡಿ ಬಂದ ಹೇಮಾಳ ಮುಖವನ್ನೂ ವಿನೋದ ನೋಡಲಿಲ್ಲ. "ನಿಮಗೆ ಬೇಕಾದ ಹೆಸರು ಬಂತಲ್ಲ. ಆತು. ಇನ್ನು ಈ ಬದಿಗೆ ಬರ್ಬೇಡಿ."

ಹೆಸರಿಗಾಗಿ ಮಾಡಿದ್ದಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಆದರೆ ಬಾಯಿ ಬಿಟ್ಟದ್ದು ತಾನೇ ಅಲ್ಲವೇ? ಹೊನ್ನಾವರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ಈಗ ಅವಳು ಕುಮಟಾದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಈ ಫೆಬ್ರವರಿಯಲ್ಲಿ, ಯಾಣದ ಕಾಡಿನಲ್ಲಿ ಬೆಳಗಿನ ಹೊತ್ತು ಕಡವೆ ತೋರಿಸುತ್ತಾರೆ, ಒಮ್ಮೆಗೆ ಆರೇ ಜನ ಎಂಬ ಪ್ರಕಟಣೆ ಕಣ್ಣಿಗೆ ಬಿತ್ತು.

'ಅವನು ಈಗ ಅಲ್ಲಿರಲಾರ...' ಎಂದುಕೊಂಡೇ ಹೆಸರು ಕೊಟ್ಟಳು.

ಅವನೇ ಇದ್ದ!

ಪಟ್ಟಿ ಓದುತ್ತಿದ್ದ ವಿನೋದನ ದನಿ ಅವಳ ಹೆಸರಿಗೆ ಬಂದು ತಡವರಿಸಿತು. ಮರುಕ್ಷಣ ಎಲ್ಲರಿಗೂ ಹೇಳುವಂತೆ ಹೇಳಿದ, "ಫೋನ್ ಬಂದ್ ಮಾಡಿ. ಮಾತು ಬೇಡ."

ಹಳೆಯ ಹಳ್ಳವಲ್ಲ, ಬೇರೆಯೇ ಕೆರೆ. ಸುಮಾರು ಹೊತ್ತು ಕಾದ ಮೇಲೆ ಹೆಣ್ಣು ಕಡವೆಯೊಂದು ಮರಿಯೊಡನೆ ನೀರಿಗಿಳಿಯಿತು. ಉಳಿದವರೆಲ್ಲ ಕಣ್ಣರಳಿಸಿ ನೋಡಿದರು. ಹೇಮಾಳಿಗೆ ಮಾತ್ರ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

ಎಲ್ಲರೂ ಜೀಪಿನ ಕಡೆ ಹೊರಟಾಗ ಅವನು ಪಕ್ಕದಲ್ಲಿ ನಿಂತ.

"ಕನ್ನಡಕ ಬಂತಾ ನಿಮಗೆ?"

"ನಿಮಗೆ ಹೊಟ್ಟೆ ಬಂತಲ್ಲ, ಹಾಗೇ."

ಅವನು ನಕ್ಕ. ನಕ್ಕವನ ಕಣ್ಣು ತುಂಬಿ ಬಂತು.

"ನಿಮ್ಮ ಪ್ರಬಂಧ ನಮ್ಮ ಆಫೀಸಿಗೆ ಬಂದಿತ್ತು. ಸಾಹೇಬ್ರ ಹತ್ರ ಓದಿಸ್ಕಂಡೆ. ಎಲ್ಲೂ ಜಾಗದ ಹೆಸರಿಲ್ಲ. 'ದಾರಿ ತೋರಿಸಿದವರ ಹೆಸರು ಬರೆದರೆ ಜಾಗ ತಿಳಿದುಹೋಗುತ್ತದೆ' ಅಂತ ಬರೆದಿದ್ರಿ... ಹೆಸರಿಗೆ ಆಸೆಪಟ್ಟವರು ಹಾಂಗೆ ಬರೀತ್ರಾ? ನಾ ತಪ್ಪು ತಿಳ್ಕಂಡಿದ್ದೆ."

"ತಪ್ಪು ನನ್ನದೂ ಇತ್ತು. ಗೆಳತಿ ಹತ್ರ ಹೇಳಿದವಳು ನಾನೇ."

"ಗೊತ್ತಾದ ಮೇಲೆ ಹುಡುಕಿದೆ. ನಿಮ್ಮ ನಂಬರೇ ಇರ್ಲಿಲ್ಲ. ಮದುವೆ ಆಗಿರ್ಬೇಕು ಅಂದ್ಕಂಡೆ."

"ಆಗಲಿಲ್ಲ."

"ಎಂತಕ್ಕೆ?"

"ಇಲ್ಲಿಗೆ ಬರ್ಬೇಡಿ ಅಂದ್ರಿ. ಬೇರೆ ಎಲ್ಲಿಗೂ ಹೋಗೂಕೆ ಮನಸ್ಸಾಗ್ಲಿಲ್ಲ..."

ವಿನೋದ ಜೀಪಿನವರಿಗೆ ಮುಂದೆ ಹೋಗುವಂತೆ ಕೈಸನ್ನೆ ಮಾಡಿದ.

"ಮದುವೆ ಎಂತಕ್ಕೆ ಬೇಡ ಅಂತ ಅವ್ವಿ ಏಳು ವರ್ಷದಿಂದ ಕೇಳ್ತೇ ಇದೆ. ಇವತ್ತು ಉತ್ತರ ಕರ್ಕಂಡೇ ಹೋಗ್ವ ಅಂತ... ಮನೆಗೆ ಬತ್ರಾ?"

ಹೇಮಾ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. "ಉಹೂಂ. 'ಬತ್ರಾ' ಅಂದ್ರೆ ಬರೂದಿಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮೆಲ್ಲನೆ, ಮೊದಲ ಸಲ ಏಕವಚನದಲ್ಲಿ ಕೇಳಿದ.

"ಬತ್ಯಾ... ಹೇಮಾ?"

"ಬತ್ತೆ."