ತುತ್ತಿಡದೆ ಮುಚ್ಚಿದ ಹೊಟ್ಟೆ

“ಖಾಲಿ ಹೊಟ್ಟಿ ಮುಚ್ಚಬ್ಯಾಡ,” ಎಂದಳು ಶಾಂತವ್ವ. ಅವಳ ಅಂಗೈಯಲ್ಲಿ ಜೋಳದ ರೊಟ್ಟಿಯ ಒಂದು ಚೂರು, ಅದರ ಮೇಲೆ ಕಡಲೆ ಗಾತ್ರದ ಬೆಲ್ಲ. “ಇದನ್ನ ಒಳಗಿಡು. ಆಮ್ಯಾಲೆ ಮುಚ್ಚು.”

ಕಾತ್ಯಾಯಿನಿ ಕ್ರೋಶಾ ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕಳು. ಅವಳ ತೊಡೆಯ ಮೇಲೆ ಬೂದುಬಣ್ಣದ ನೂಲಿನ ಮೊಲವೊಂದು ಅಂಗಾತ ಬಿದ್ದಿತ್ತು. ನೋಡಿದವರಿಗೆ ಬರೀ ಮೊಲ. ಕೆಳಗಿನ ಅಂಚು ಹಿಡಿದು ಒಳಗನ್ನು ಹೊರಗೆ ಮಗುಚಿದರೆ ಮೊಲ ಅಡಗಿ, ಕೆಂಚು ನರಿಯೊಂದು ಹಲ್ಲು ಕಿರಿಯುತ್ತಾ ಹೊರಬರುತ್ತಿತ್ತು. ಮತ್ತೆ ಮಗುಚಿದರೆ ನರಿ ಒಳಗೆ, ಮೊಲ ಹೊರಗೆ. ಎರಡು ಚರ್ಮ, ನಡುವೆ ಒಂದೇ ಹೊಟ್ಟೆ. ಅದಕ್ಕೆ ಪಾಲಿಯೆಸ್ಟರ್ ಹತ್ತಿ ತುಂಬಿಯಾಗಿತ್ತು. ಹೆಬ್ಬೆರಳು ಹೋಗುವಷ್ಟು ತೂತು ಮಾತ್ರ ಉಳಿದಿತ್ತು.

“ಹೊಟ್ಟೆ ತುಂಬಿದೆಯಲ್ಲ ಅತ್ತೆ, ನೋಡಿ.”

“ಅದೇನು ಅನ್ನ ಏನ? ಪ್ಲಾಸ್ಟಿಕ್ಕು.”

ಶಾಂತವ್ವ ಕಾತ್ಯಾಯಿನಿಯ ಗಂಡ ಸೌರಭನ ಸೋದರತ್ತೆ. ಬಿಜಾಪುರದ ಕಡೆಯವಳು, ಬೇಸಿಗೆ ಕಳೆಯಲು ಅಮೆರಿಕದ ನಾರ್‌ಕ್ರಾಸ್‌ನಲ್ಲಿದ್ದ ಇವರ ಮನೆಗೆ ಬಂದಿದ್ದಳು. ಹಳೆ ಸೀರೆಗಳ ಕೌದಿ ಹೊಲಿಯುವುದರಲ್ಲಿ ಅವಳದು ಪಳಗಿದ ಕೈ. ಅವಳ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ತುತ್ತು ಇಡುತ್ತಾರೆ. ಹೊಟ್ಟೆಯಿರುವ ಯಾವುದನ್ನೂ ಹಸಿದಂತೆ ಹೊಲಿಯಬಾರದು, ಹೊಲಿದರೆ ಅದು ತನ್ನ ಊಟ ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ.

ಕಾತ್ಯಾಯಿನಿ ಮೈಸೂರಿನ ಹಾಸ್ಟೆಲಿನಲ್ಲಿ ದೆವ್ವವಿದೆ ಎಂದು ಎಲ್ಲರೂ ಬಿಟ್ಟುಹೋದ ಕೋಣೆಯನ್ನು ಕೇಳಿ ಪಡೆದವಳು. ಗಾಳಿ ಬೆಳಕು ಚೆನ್ನಾಗಿದ್ದ ಆ ಕೋಣೆಯಲ್ಲಿ ಎರಡು ವರ್ಷ ಒಬ್ಬಳೇ ಓದಿ ಪಾಸಾಗಿದ್ದಳು. ಅವಳು ಅತ್ತೆಯ ಅಂಗೈಯಿಂದ ರೊಟ್ಟಿ ಚೂರು ಎತ್ತಿಕೊಂಡಳು. ಮೊಲದ ಮೂತಿಗೆ ತೋರಿಸಿದಳು. ಆಮೇಲೆ ತನ್ನ ಬಾಯಿಗೆ ಹಾಕಿಕೊಂಡಳು.

“ಇವನು ಡಯಟ್ ಮಾಡ್ತಿದ್ದಾನಂತೆ, ಅಮೆರಿಕದ ಮೊಲ.”

ಶಾಂತವ್ವ ನಗಲಿಲ್ಲ. ಕಡ್ಡಿ ಆಡಿತು, ತೂತು ಮುಚ್ಚಿತು. ಕೊನೆಗೆ ಕಾತ್ಯಾಯಿನಿ ಕೆಂಪು ನೂಲು ಪೋಣಿಸಿ ಮೊಲದ ಹೊಟ್ಟೆಯ ಮೇಲೆ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಹೆಸರು ಹೊಲಿದಳು: ಹಮ್ನಾ.

ಅದನ್ನು ಕಂಡದ್ದೇ ಶಾಂತವ್ವ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ಬಹಳ ಹೊತ್ತು ಕೈ ತೊಳೆದಳು.

ಹಮ್ನಾ ಮೇಲಿನ ಮಹಡಿಯ ಹಾಜಿರಾಳ ಮಗಳು. ಹಾಜಿರಾ ಬೆಂಗಳೂರಿನವಳು, ಅವಳ ಗಂಡ ರಿಜ್ವಾನ್ ಮಕ್ಕಳ ಡಾಕ್ಟರು. ಸೌರಭ ಸೇತುವೆಯ ಕೆಲಸಕ್ಕೆಂದು ವಾರವಿಡೀ ಕೆರೊಲಿನಾದಲ್ಲಿ ಉಳಿಯುತ್ತಿದ್ದ. ಕಾತ್ಯಾಯಿನಿಯ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಈ ದೇಶದಲ್ಲಿ ಅವಳನ್ನು ಹೆಸರು ಹಿಡಿದು ಕೂಗಿದ ಮೊದಲ ಜೀವ ಹಮ್ನಾ. ‘ಕಾತಿ ಆಂಟಿ’ ಎನ್ನುತ್ತಾ ಮೆಟ್ಟಿಲಿಳಿದು ಬಂದರೆ ಕಾತ್ಯಾಯಿನಿಯ ದಿನ ಆರಂಭವಾಗುತ್ತಿತ್ತು. ಮೊಲ ಹಮ್ನಾಳ ಹುಟ್ಟುಹಬ್ಬಕ್ಕೆ.

“ಓ ಮೈ ಗಾಡ್, ಒಳಗೆ ಇನ್ನೊಬ್ಬ ಇದ್ದಾನೆ!” ಎಂದು ಹಮ್ನಾ ಕಿರುಚಿದಳು. ಮಗುಚಿದಳು. ಮತ್ತೆ ಮಗುಚಿದಳು. “ಅವನು ಹೈಡಿಂಗಾ ಆಂಟಿ?”

“ಹ್ಞೂಂ. ನೀನು ಕರೆದರೆ ಬರ್ತಾನೆ.”

ಹಾಗೆ ಹೇಳಿದ್ದನ್ನು ಕಾತ್ಯಾಯಿನಿ ಆಮೇಲೆ ಬಹಳ ಸಲ ನೆನೆಸಿಕೊಂಡು ನಾಲಿಗೆ ಕಚ್ಚಿಕೊಂಡಳು.

ಪೈನ್ ಮರಗಳ ಹಳದಿ ಪುಡಿ ಕಾರುಗಳ ಮೇಲೆಲ್ಲ ಕೂರುವ ಕಾಲ ಅದು. ಹಮ್ನಾ ಸೊರಗತೊಡಗಿದಾಗ ಎಲ್ಲರೂ ಅದು ಅಲರ್ಜಿ ಎಂದುಕೊಂಡರು. ಹುಡುಗಿ ಊಟ ಬಿಟ್ಟಿರಲಿಲ್ಲ. ಬದಲಿಗೆ ಗಬಗಬ ತಿನ್ನುತ್ತಿದ್ದಳು. ತಿಂದದ್ದು ಎಲ್ಲಿ ಹೋಗುತ್ತಿತ್ತೋ. ಕೆನ್ನೆ ಒಳಕ್ಕಿಳಿಯಿತು, ಮಣಿಕಟ್ಟಿನ ಬಳೆ ಮೊಣಕೈವರೆಗೂ ಜಾರತೊಡಗಿತು. ರಿಜ್ವಾನ್ ತನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿಸಿದ. ಎಲ್ಲವೂ ನಾರ್ಮಲ್.

ಒಂದು ಮಧ್ಯಾಹ್ನ ಮೇಲಿನ ಮನೆಯ ಸೋಫಾದಲ್ಲಿ ನಿದ್ದೆಹೋಗಿದ್ದ ಹಮ್ನಾಳನ್ನು ಹಾಸಿಗೆಗೆ ಮಲಗಿಸಲು ಕಾತ್ಯಾಯಿನಿ ಎತ್ತಿಕೊಂಡಳು. ಎತ್ತಿದ ರಭಸಕ್ಕೆ ತಾನೇ ಹಿಂದಕ್ಕೆ ವಾಲಿದಳು. ಡ್ರೈಯರಿನಿಂದ ಆಗಷ್ಟೇ ತೆಗೆದ ಬಟ್ಟೆಯ ಬುಟ್ಟಿಯಷ್ಟೂ ಭಾರವಿರಲಿಲ್ಲ ಹುಡುಗಿ. ಕಂಕುಳಲ್ಲಿದ್ದ ಮೊಲ ಜಾರಿ ಕೆಳಗೆ ಬಿತ್ತು.

ಧೊಪ್ಪೆಂದಿತು. ಅಷ್ಟು ದಪ್ಪ ಕಾರ್ಪೆಟ್ಟಿನ ಮೇಲೆ, ಅಕ್ಕಿ ಚೀಲ ಬಿದ್ದ ಹಾಗೆ.

ಕಾತ್ಯಾಯಿನಿ ಹಮ್ನಾಳನ್ನು ಮಲಗಿಸಿ ಬಂದು ಮೊಲವನ್ನು ಎತ್ತಿದಳು. ಎರಡು ಕೈ ಬೇಕಾಯಿತು. ನೂಲು ಬೆಚ್ಚಗಿತ್ತು. ಅದರಿಂದ ಒಂದು ವಾಸನೆ ಬರುತ್ತಿತ್ತು. ಒಡೆದ ಹಾಲಿನದ್ದು, ಅದರಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ್ದು. ಹುಡುಗಿ ಹಾಲು ಚೆಲ್ಲಿರಬೇಕು, ಒಳಗೆ ಕಲ್ಲು ತುರುಕಿರಬೇಕು ಎಂದುಕೊಂಡು ಹೊಲಿಗೆ ಹುಡುಕಿದಳು. ಎಲ್ಲೂ ಬಿಚ್ಚಿರಲಿಲ್ಲ. ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದಳು.

ಒಳಗಿನಿಂದ ಯಾವುದೋ ಬೆರಳೊಂದು ವಾಪಸ್ ಒತ್ತಿತು.

“ಆಂಟಿ, ಗಿವ್ ಹಿಮ್ ಬ್ಯಾಕ್.” ಬಾಗಿಲಲ್ಲಿ ಹಮ್ನಾ ನಿಂತಿದ್ದಳು. ಕಾಲು ನೆಲಕ್ಕೆ ಊರಿದ್ದೇ ಕಾಣುತ್ತಿರಲಿಲ್ಲ. “ಅವನಿಗೆ ಹಂಗ್ರಿ ಇದೆ. ನಾನು ಶೇರ್ ಮಾಡ್ತೀನಿ.”

ಮೊಲವನ್ನು ಹುಡುಗಿಗೇ ಬಿಟ್ಟು ಕಾತ್ಯಾಯಿನಿ ಕೆಳಗಿಳಿದು ಬಂದಾಗ ಶಾಂತವ್ವ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸುತ್ತಿದ್ದಳು.

“ಹೇಳಿ ಅತ್ತೆ. ಅದೇನು?”

ಶಾಂತವ್ವ ತಲೆಯೆತ್ತಲಿಲ್ಲ. “ನಮ್ಮ ಕಡಿ ಮಾಟಾ ಮಾಡೋರು ಹಿಂಗ ಬೊಂಬಿ ಹೊಲೀತಾರ. ಹೊಟ್ಟಿ ಖಾಲಿ ಇಡ್ತಾರ, ಬಾಯಿ ಮುಚ್ತಾರ, ಮ್ಯಾಲೆ ಹೆಸರು ಹಾಕ್ತಾರ. ಯಾರ ಹೆಸರಿರತದೋ ಅವರನ್ನ ತಿಂತದ. ಮಂತ್ರ ಅನ್ನೋದು ಬರೇ ನೆಪ. ಹಸಿವೇ ಮಾಟ.”

“ನಾನು ಮಾಟ ಮಾಡಿಲ್ಲ. ಬರ್ತ್‌ಡೇ ಗಿಫ್ಟ್ ಮಾಡಿದ್ದು.”

“ಅದಕ್ಕೇನು ಗೊತ್ತು?”

“ಈಗೇನು ಮಾಡೋದು?”

“ತಂದು ಮನ್ಯಾಗ ಇಟ್ಟುಕೋ. ತಪ್ಪಾತು ಅಂತ ಅಡ್ಡಬೀಳು. ಅಮಾಸಿಗೊಮ್ಮೆ ಉಡಿ ತುಂಬಿ ಉಣ್ಣಾಕ ಹಾಕು. ಸಾಯೂತನಕ ತಪ್ಪಿಸಬ್ಯಾಡ.”

“ಏನು ಹಾಕಬೇಕು, ರೊಟ್ಟಿನಾ?”

“ಮನಷ್ಯಾರನ್ನ ತಿಂದೈತಿ. ಇನ್ನ ಅದಕ್ಕ ರೊಟ್ಟಿ ರುಚಿ ಹತ್ತಂಗಿಲ್ಲ.”

“ಸಾಯೋ ತನಕ ಕೂರಿಸಿ ಊಟ ಹಾಕೋಕೆ ಅದೇನು ನನ್ನ ಗಂಡನಾ?” ಕಾತ್ಯಾಯಿನಿಯ ದನಿ ಒಡೆಯಿತು. ಭಯಕ್ಕಲ್ಲ, ಸಿಟ್ಟಿಗೆ. “ಒಂದೊಂದೇ ಕಣ್ಣಿ ಹಾಕಿ ಹೆಣೆದವಳು ನಾನು. ಬಿಚ್ಚೋದೂ ನನಗೆ ಗೊತ್ತು.”

ಅವಳು ಕತ್ತರಿ ಕೈಗೆತ್ತಿಕೊಂಡದ್ದೇ ಹೊರಗೆ ಸೈರನ್ ಎದ್ದಿತು.

ಸುಂಟರಗಾಳಿಯ ಸೈರನ್. ಆಕಾಶ ಹಸಿರುಗಟ್ಟಿತ್ತು. ಪೈನ್ ಮರಗಳು ಒಂದೇ ಕಡೆಗೆ ಬಾಗಿ ನಿಂತಿದ್ದವು. ಇಂಥ ಹೊತ್ತಿನಲ್ಲಿ ಮೇಲಿನ ಮನೆಯವರು ಕೆಳಗಿನ ಮನೆಗೆ ಬಂದು, ಕಿಟಕಿಯಿಲ್ಲದ ಜಾಗದಲ್ಲಿ ಕೂರುವುದು ಅಲ್ಲಿನ ರೂಢಿ. ಹಾಜಿರಾ ಬಾಗಿಲು ನೂಕಿಕೊಂಡು ಬಂದಳು. ಒಂದು ಕೈಯಲ್ಲಿ ಹಮ್ನಾ, ದುಪಟ್ಟಾ ಹಿಡಿದಷ್ಟು ಸುಲಭವಾಗಿ. ಇನ್ನೊಂದು ಕೈಯಲ್ಲಿ ಮೊಲ. ಆ ಭುಜ ಮಾತ್ರ ಭಾರಕ್ಕೆ ಜಗ್ಗಿತ್ತು.

“ಕ್ಲಾಸೆಟ್‌ಗೆ ನಡೀರಿ, ಬೇಗ! ಇದನ್ನ ಬಿಟ್ಟು ಬಾ ಅಂದ್ರೆ ಕೇಳ್ತಾನೇ ಇಲ್ಲ ಇವಳು!”

ನಾಲ್ವರೂ ಬಟ್ಟೆಯಿಡುವ ಕ್ಲಾಸೆಟ್ಟಿನ ಕಿರುಕೋಣೆಗೆ ನುಗ್ಗಿ ಬಾಗಿಲೆಳೆದುಕೊಂಡರು. ಕರೆಂಟು ಹೋಯಿತು. ಹಗಲಲ್ಲೇ ಕಗ್ಗತ್ತಲು. ಸೂಟ್‌ಕೇಸಿನ ಚರ್ಮದ ವಾಸನೆ, ಜೋಳದ ಹಿಟ್ಟಿನ ವಾಸನೆ. ಅವೆರಡನ್ನೂ ನುಂಗುತ್ತಾ ಒಡೆದ ಹಾಲಿನ ವಾಸನೆ ಏರಿತು. ಹೊರಗೆ ಗಾಳಿ ರೈಲಿನಂತೆ ಮೊಳಗುತ್ತಿತ್ತು. ಹಾಜಿರಾ ದುಆ ಓದುತ್ತಿದ್ದಳು.

ಅವೆಲ್ಲದರ ಕೆಳಗೆ ಇನ್ನೊಂದು ಸದ್ದು. ಕಟ್. ಕಟ್. ಕಟ್. ಯಾರೋ ನಿಧಾನವಾಗಿ ಅಗಿಯುತ್ತಿದ್ದರು.

“ಹಮ್ನಾ, ಬಾಯಲ್ಲೇನಿದೆ?” ಹಾಜಿರಾ ಕೇಳಿದಳು.

“ನಾನಲ್ಲ ಅಮ್ಮಿ,” ಎಂದಿತು ಕತ್ತಲಿನಿಂದ ತೆಳ್ಳನೆಯ ದನಿ. “ಅವನು.”

ಆಮೇಲೆ ಹಾಜಿರಾ ಕೂಗಿಕೊಂಡಳು. “ಇವಳು ಸಿಕ್ತಿಲ್ಲ! ತಬ್ಬಿಕೊಂಡೇ ಇದ್ದೀನಿ, ಕೈಗೇ ಸಿಕ್ತಿಲ್ಲ ಕಾತ್ಯಾಯಿನಿ!”

ಕಾತ್ಯಾಯಿನಿ ಕತ್ತಲಲ್ಲಿ ಕೈಹಾಕಿ ಮೊಲವನ್ನು ಕಿತ್ತುಕೊಂಡಳು. ಅದು ತೊಡೆಯ ಮೇಲೆ ಬಂಡೆಯಂತೆ ಕೂತಿತು. ಬೆರಳಿನಿಂದ ತಡಕಿ ಹೆಸರಿನ ಕೆಂಪು ಹೊಲಿಗೆ ಹುಡುಕಿದಳು. ಕತ್ತರಿಯ ತುದಿ ಅದರಡಿಗೆ ಇಟ್ಟಳು.

“ಹೆಸರು ಕೀಳಬ್ಯಾಡ!” ಶಾಂತವ್ವ ಅವಳ ರಟ್ಟೆ ಹಿಡಿದಳು. “ಹೆಸರಿಲ್ಲದ ಹಸಿವು ಹಿಡಿದವರನ್ನ ಹಿಡೀತದ!”

“ಹಿಡೀಲಿ. ನಾನೂ ಹಿಡ್ಕೊಂಡಿದ್ದೀನಿ.”

ಕತ್ತರಿಸಿದಳು. ಅಕ್ಷರಗಳು ಒಂದೊಂದಾಗಿ ಸಡಿಲಾದವು. ಅಗಿಯುವ ಸದ್ದು ನಿಂತಿತು.

ತೂತು ಮುಚ್ಚಿದ ಕೊನೆಯ ಗಂಟು ಉಗುರಿಗೆ ಸಿಕ್ಕಿತು. ಕತ್ತರಿಸಿ ಎಳೆದಳು. ಕ್ರೋಶಾ ಹೆಣಿಗೆಯ ಗುಣವೇ ಅದು, ಕೊನೆಯ ಕಣ್ಣಿ ಬಿಟ್ಟರೆ ಹಿಂದಿನದೆಲ್ಲ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ನೂಲು ಸರಸರ ಬಂತು. ಬಿಚ್ಚುವಾಗ ಹೆಣೆಯುವವರ್‍ಯಾರೂ ನೂಲನ್ನು ರಾಶಿ ಹಾಕುವುದಿಲ್ಲ. ಸಿಕ್ಕಾಗಬಾರದೆಂದು ಕೈಗೆ ಸುತ್ತಿಕೊಳ್ಳುತ್ತಾರೆ. ಕಾತ್ಯಾಯಿನಿಯೂ ಯೋಚಿಸದೆ ಎಡಗೈಗೆ ಸುತ್ತಿಕೊಳ್ಳತೊಡಗಿದಳು.

ಮೊಲದ ಚರ್ಮ ಹೋಯಿತು. ಪಾಲಿಯೆಸ್ಟರ್ ಹತ್ತಿ ಸಿಗಲಿಲ್ಲ. ಬೆರಳಿಗೆ ಒದ್ದೆ ಹತ್ತಿತು. ಎಳೆದಳು. ನರಿಯ ಚರ್ಮ ಬಂತು. ಅದೂ ಹೋಯಿತು. ಒಳಗೆ ಮತ್ತೊಂದು ಚರ್ಮ. ಅದನ್ನು ಅವಳು ಹೆಣೆದಿರಲಿಲ್ಲ. ಅದಕ್ಕೆ ಕಿವಿಯಿತ್ತು. ರೆಪ್ಪೆಯಿತ್ತು. ರೆಪ್ಪೆ ಅಲುಗಿತು. ಎಳೆದಳು. ಬಿಸಿ ಉಸಿರು ಮಣಿಕಟ್ಟಿಗೆ ತಾಕಿತು. ಸುತ್ತಿದಳು. ಇನ್ನೊಂದು ಚರ್ಮ. ಎಳೆದಳು. ಎಡಗೈ ಜೋಮು ಹಿಡಿಯಿತು. ಸುತ್ತಿದಳು. ಹಲ್ಲುಗಳು. ನೂಲಲ್ಲ. ಹಲ್ಲುಗಳೇ. ಬಿಡಲಿಲ್ಲ. “ನಿನ್ನ ಶುರು ಮಾಡಿದ್ದು ನಾನು,” ಎಂದಳು ಹಲ್ಲು ಕಚ್ಚಿ. “ನಾನೇ ಮುಗಿಸ್ತೀನಿ.” ಎಳೆದಳು. ಎಳೆದಳು. ಮೊದಲ ಉಂಗುರ ಬೆರಳಿಗೆ ಸಿಕ್ಕಿತು. ಎಲ್ಲಕ್ಕೂ ಮುಂಚೆ ಹಾಕಿದ ಕಣ್ಣಿ.

ಕಿತ್ತಳು.

“ಅಲ್ಲಾಹ್!” ಎಂದು ಹಾಜಿರಾ ಮುಂದಕ್ಕೆ ಮುಗ್ಗರಿಸಿದಳು. ಅವಳ ತೋಳುಗಳಲ್ಲಿ ಮಗಳ ತೂಕ ಒಮ್ಮೆಲೇ ಬಂದು ಬಿದ್ದಿತ್ತು. ಹಮ್ನಾ ಗಟ್ಟಿಯಾಗಿ, ಸಿಟ್ಟಿನಿಂದ, ಎಲ್ಲ ಮಕ್ಕಳಂತೆ ಅಳತೊಡಗಿದಳು.

ಗಾಳಿ ಬೇರೆ ದಾರಿ ಹಿಡಿದು ಹೋಗಿತ್ತು. ಬಾಗಿಲು ತೆರೆದಾಗ ಬೆಳಕು ಬಂತು. ಕಾತ್ಯಾಯಿನಿಯ ಎಡಗೈ ಇರಬೇಕಾದಲ್ಲಿ ದೊಡ್ಡ ನೂಲಿನ ಚೆಂಡಿತ್ತು, ಬೂದು, ಕೆಂಚು, ಮತ್ತು ಅವಳು ಎಂದೂ ಕೊಳ್ಳದ ಬಣ್ಣವೊಂದು. ಅವಳು ಚೆಂಡಿನೊಳಗಿಂದ ಕೈ ಹಿಂದಕ್ಕೆಳೆದಳು. ಸಲೀಸಾಗಿ ಬಂತು. ತೀರಾ ಸಲೀಸಾಗಿ.

ಚರ್ಮ ಹಾಗೇ ಇತ್ತು. ಉಗುರು, ಮಚ್ಚೆ, ಬಳೆ ಎಲ್ಲ ಹಾಗೇ. ಆದರೆ ಬೆರಳುಗಳು ಎಲ್ಲ ದಿಕ್ಕಿಗೂ ತೂಗಾಡುತ್ತಿದ್ದವು. ಅವಳು ಬಲಗೈಯಿಂದ ಎಡ ಅಂಗೈಯನ್ನು ಒತ್ತಿ ನೋಡಿದಳು. ಒಳಗೆ ಮೂಳೆಯಿರಲಿಲ್ಲ. ಮೆತ್ತಗೆ, ಪುಸಪುಸ ಎನ್ನುವ ಪಾಲಿಯೆಸ್ಟರ್ ಹತ್ತಿಯಿತ್ತು.

ಅವಳು ಚೆಂಡನ್ನು ಬಲ ಕಂಕುಳಲ್ಲಿ ಇರುಕಿಕೊಂಡು ಹೊರಗೆ ನಡೆದಳು. ಅಪಾರ್ಟ್‌ಮೆಂಟಿನ ಈಜುಕೊಳದ ಪಕ್ಕದಲ್ಲಿ ಎಲ್ಲರೂ ಬಳಸುವ ಕಬ್ಬಿಣದ ಗ್ರಿಲ್ ಇತ್ತು. ಶಾಂತವ್ವ ಬರಿಗಾಲಲ್ಲಿ, ಮುರಿದ ಪೈನ್ ಕೊಂಬೆಗಳ ನಡುವೆ ಏದುಸಿರು ಬಿಡುತ್ತಾ ಹಿಂದೆ ಓಡಿಬಂದಳು.

“ಸುಡಬ್ಯಾಡ ಮಗಳ! ನಿನ್ನ ಕೈ ಅದರಾಗೈತಿ. ಉಡಿ ತುಂಬಿ ಕೇಳು. ತಪ್ಪಾತು ಅನ್ನು. ವಾಪಸ್ ಕೊಟ್ಟೀತು.”

“ಕೊಡುತ್ತೆ. ಆಮೇಲೆ ಮತ್ತೆ ಹಸಿಯುತ್ತೆ. ಆಗ ಯಾರನ್ನ ಕೇಳುತ್ತೆ ಅತ್ತೆ?”

ಶಾಂತವ್ವ ಚೆಂಡಿಗೆ ಕೈ ಚಾಚಿ, ಹಾಗೇ ಹಿಂತೆಗೆದಳು.

ಕಾತ್ಯಾಯಿನಿ ಚೆಂಡನ್ನು ಗ್ರಿಲ್ಲಿಗೆ ಹಾಕಿದಳು. ಯಾರೋ ಬಿಟ್ಟುಹೋಗಿದ್ದ ಸೀಮೆಎಣ್ಣೆಯಂಥ ದ್ರವವನ್ನು ಸುರಿದಳು. ಒಂದೇ ಕೈಯಲ್ಲಿ ಬೆಂಕಿಕಡ್ಡಿ ಗೀರುವುದು ಸುಲಭವಲ್ಲ. ಅಲ್ಲೇ ಇದ್ದ ಬೆಂಕಿಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗೀರಿದಳು.

ನೂಲು ಹೊತ್ತಿತು. ಮಾಂಸ ಸುಡುವ ವಾಸನೆ ಎದ್ದಿತು. ಅದರೊಂದಿಗೆ, ಮೂಳೆಯಿಲ್ಲದ ಆ ಕೈಯ ಒಂದೊಂದು ಬೆರಳಿನಲ್ಲೂ ಉರಿ ಹತ್ತಿತು. ಕಿರುಬೆರಳಿನಿಂದ ಶುರುವಾಗಿ ಮಣಿಕಟ್ಟಿನವರೆಗೆ, ಒಂದೊಂದೇ ಗೆಣ್ಣು ಸಿಡಿಯಿತು. ಅವಳು ಬಲಗೈಯಲ್ಲಿ ಗ್ರಿಲ್ಲಿನ ಕಂಬ ಹಿಡಿದು ನಿಂತಳು.

“ಒಳಗ ನಡಿ,” ಶಾಂತವ್ವ ಅಳುತ್ತಾ ಅಂದಳು. “ನೋಡಬ್ಯಾಡ.”

“ನೋಡ್ತೀನಿ.”

ಬೆಂಕಿ ಪೂರ್ತಿ ಆರುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ.